ನಾಲ್ಕು ಸಾವಿರ ದಿರ್ಹಮ್‌ನಲ್ಲಿ ಬೇಸಿಕ್ ಎಷ್ಟು?

ಪ್ರಶ್ನೆ: ಮೇಡಂ, ನಾನು ಕುಂದಾಪುರ ಕಡೆಯವನು. ವಯಸ್ಸು 27. ಬಿ.ಕಾಂ ಮುಗಿಸಿ ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸದಲ್ಲಿದ್ದೇನೆ. ಸಂಬಳ 28,000 ರೂಪಾಯಿ. ಮಂಗಳೂರಿನ ಏಜೆಂಟ್ ಒಬ್ಬರ ಮೂಲಕ ದುಬೈನ ಟ್ರೇಡಿಂಗ್ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ತಿಂಗಳಿಗೆ 4,000 ದಿರ್ಹಮ್. ಈಮೇಲ್‌ನಲ್ಲಿ ಬಂದ ಕಾಗದದಲ್ಲಿ ಬೇಸಿಕ್ 1,600, ಹೌಸಿಂಗ್ 1,200, ಟ್ರಾನ್ಸ್‌ಪೋರ್ಟ್ 400, ಇತರೆ ಭತ್ಯೆ 800 ಎಂದಿದೆ. ದಿನಕ್ಕೆ 10 ಗಂಟೆ ಕೆಲಸ, ವಾರಕ್ಕೊಂದು ರಜೆ. ಎರಡು ವರ್ಷದ ಕಾಂಟ್ರಾಕ್ಟ್. ನಡುವೆ ಬಿಟ್ಟರೆ 8,000 ದಿರ್ಹಮ್ ಕಟ್ಟಬೇಕಂತೆ. ವೀಸಾ ಖರ್ಚು ಅಂತ ಏಜೆಂಟ್ 1,20,000 ರೂಪಾಯಿ ಕೇಳಿದ್ದಾರೆ. ಮೊದಲು ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಡುತ್ತಾರೆ ಅನ್ನುತ್ತಾರೆ. ಅಮ್ಮ ಬಳೆ ಅಡವಿಡಲು ತಯಾರಿದ್ದಾರೆ. ಸೌದಿಯಲ್ಲಿರುವ ಭಾವ ಮಾತ್ರ, ಎರಡು ವರ್ಷದೊಳಗೆ ಬಿಟ್ಟರೆ ಗ್ರಾಚ್ಯುಟಿ ಒಂದು ಪೈಸೆ ಸಿಗಲ್ಲ ಅಂತ ಹೆದರಿಸುತ್ತಿದ್ದಾರೆ. ಮುಂದಿನ ವರ್ಷ ನನ್ನ ಮದುವೆ. ಹೆಂಡತಿಯನ್ನೂ ಕರೆದುಕೊಂಡು ಹೋಗುವ ಆಸೆ. ಒಪ್ಪಿಕೊಳ್ಳಲಾ?

ಉತ್ತರ: ಮೊದಲು ಅಮ್ಮನಿಗೆ ಹೇಳಿ, ಬಳೆ ಕೈಯಲ್ಲೇ ಇರಲಿ. ಕೆಲಸ ಬೇಡ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಓದಿಗೆ, ಅನುಭವಕ್ಕೆ 4,000 ದಿರ್ಹಮ್ ತೆಗೆದುಹಾಕುವಂಥ ಮೊತ್ತವಲ್ಲ. ಆದರೆ ನಿಮ್ಮ ಕೈಯಲ್ಲಿರುವ ಕಾಗದದಲ್ಲಿ ಸರಿಪಡಿಸಬೇಕಾದ್ದು ಬಹಳ ಇದೆ. ಅದನ್ನು ಕೇಳುವ ಬಲ ನಿಮಗಿರುವುದು ಈಗ, ಊರಲ್ಲಿ ಕೂತಿರುವಾಗ. ಬೆಂಗಳೂರಿನ ಕೆಲಸ ಬಿಟ್ಟು, ಸಾಲ ಮಾಡಿ, ದುಬೈನಲ್ಲಿ ಇಳಿದ ಮೇಲೆ ಅವರು ಏನು ಕೊಟ್ಟರೂ ಸಹಿ ಹಾಕಬೇಕಾಗುತ್ತದೆ. ಗಲ್ಫ್ ಕಂಪನಿಗಳ ಪೇರೋಲ್ ನೋಡಿಕೊಂಡವಳಾಗಿ ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಸಂಬಳದಿಂದಲೇ ಶುರು ಮಾಡೋಣ. ನೀವು ಆ ಕಾಗದದಲ್ಲಿ ಓದಿದ್ದು 4,000. ಕಂಪನಿಯ ಲೆಕ್ಕದವರು ಓದುವುದು 1,600. ಯಾಕೆಂದರೆ ಯುಎಇ ಕಾನೂನಿನಲ್ಲಿ ನಿಮಗೆ ಮುಂದೆ ಬರಬೇಕಾದ ಹಣ ಹೆಚ್ಚಿನದೂ ಬೇಸಿಕ್ ಮೇಲೆ, ಅಂದರೆ ಭತ್ಯೆಗಳನ್ನು ಬಿಟ್ಟ ಮೂಲ ವೇತನದ ಮೇಲೆ ನಿಂತಿದೆ. ಕೆಲಸ ಬಿಡುವಾಗ ಒಟ್ಟಿಗೆ ಕೊಡುವ ಗ್ರಾಚ್ಯುಟಿ ಬೇಸಿಕ್ ಮೇಲೆ. ಓವರ್‌ಟೈಮ್ ಬೇಸಿಕ್ ಮೇಲೆ. ಕೆಲಸ ಬಿಡುವಾಗ ಉಳಿದ ರಜೆಗೆ ಕೊಡುವ ಹಣವೂ ಬೇಸಿಕ್ ಮೇಲೆ. ಕೆಲಸ ಹೋದರೆ ಸಿಗುವ ಐಎಲ್‌ಒಇ ವಿಮೆ 2023ರಿಂದ ಬಹುತೇಕ ನೌಕರರಿಗೆ ಕಡ್ಡಾಯ. ನಿಮ್ಮಂಥವರಿಗೆ ತಿಂಗಳಿಗೆ ಐದೇ ದಿರ್ಹಮ್ ಪ್ರೀಮಿಯಂ, ಅದನ್ನು ನೀವೇ ಕಟ್ಟಬೇಕು. ಅದರಿಂದ ಸಿಗುವುದೂ ಬೇಸಿಕ್‌ನ ಶೇ. 60 ಮಾತ್ರ, ಅದೂ ಮೂರು ತಿಂಗಳವರೆಗೆ. 1,600ಕ್ಕೆ ಲೆಕ್ಕ ಹಾಕಿದರೆ ತಿಂಗಳಿಗೆ 960 ದಿರ್ಹಮ್.

ಕಾರ್ಕಳ ಕಡೆಯ ಒಬ್ಬ ಎಲೆಕ್ಟ್ರಿಷಿಯನ್ ಐದು ವರ್ಷ ದುಡಿದು ಕಂಪನಿ ಬಿಟ್ಟಾಗ ಲೆಕ್ಕದ ಚೀಟಿ ಹಿಡಿದುಕೊಂಡು ನನ್ನ ಹತ್ತಿರ ಬಂದಿದ್ದರು. ಅವರ ಸಂಬಳ 3,500. ವರ್ಷಕ್ಕೆ 21 ದಿನದಂತೆ ಐದು ವರ್ಷಕ್ಕೆ 12,250 ದಿರ್ಹಮ್ ಬರುತ್ತದೆ ಅಂತ ಮನೆಯ ಮಾಡಿಗೆ ಹಂಚು ಬದಲಿಸುವ ಲೆಕ್ಕ ಹಾಕಿಟ್ಟಿದ್ದರು. ಬಂದಿದ್ದು 3,500. ಕಂಪನಿ ಮೋಸ ಮಾಡಿರಲಿಲ್ಲ. ಕಾಂಟ್ರಾಕ್ಟಿನಲ್ಲಿ ಬೇಸಿಕ್ ಇದ್ದದ್ದೇ 1,000. ಸಹಿ ಹಾಕುವ ದಿನ ಅದರ ಅರ್ಥ ಏನು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಈಗ ನಿಮ್ಮ ಲೆಕ್ಕ. ನೀವು ಅಕೌಂಟ್ಸ್‌ನವರು, ಪೆನ್ನು ತೆಗೆದುಕೊಂಡು ಜೊತೆಗೇ ಹಾಕಿ. 1,600ನ್ನು 30ರಿಂದ ಭಾಗಿಸಿದರೆ ದಿನಕ್ಕೆ 53.33 ದಿರ್ಹಮ್. ಮೊದಲ ಐದು ವರ್ಷ ಗ್ರಾಚ್ಯುಟಿ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ವರ್ಷಗಳಿಗೆ 30 ದಿನದ್ದು. ಎರಡು ವರ್ಷಕ್ಕೆ ನಿಮಗೆ ಸಿಗುವುದು 2,240. ಅದೇ 4,000ದಲ್ಲಿ ಬೇಸಿಕ್ 2,400 ಇದ್ದಿದ್ದರೆ 3,360. ಇಷ್ಟೇನಾ ಅನ್ನಿಸಬಹುದು. ದೊಡ್ಡ ಪೆಟ್ಟು ಬೀಳುವುದು ಓವರ್‌ಟೈಮ್‌ನಲ್ಲಿ.

ನಿಮ್ಮ ಕಾಗದದಲ್ಲಿ ದಿನಕ್ಕೆ 10 ಗಂಟೆ ಅಂತ ಬರೆದು ಸುಮ್ನೆ ಮುಂದೆ ಹೋಗಿದ್ದಾರೆ. ಕಾನೂನಿನ ಪ್ರಕಾರ ಸಾಮಾನ್ಯ ಕೆಲಸದ ಅವಧಿ ದಿನಕ್ಕೆ 8 ಗಂಟೆ, ವಾರಕ್ಕೆ 48. ಅದರ ಮೇಲಿನ ಗಂಟೆಗೆ ಬೇಸಿಕ್ ದರದ ಜೊತೆ ಕನಿಷ್ಠ ಶೇ. 25 ಸೇರಿಸಿ ಕೊಡಬೇಕು. ರಾತ್ರಿ 10ರಿಂದ ಬೆಳಗಿನ 4ರ ನಡುವೆ ಆದರೆ ಶೇ. 50. ನಿಮ್ಮ ಬೇಸಿಕ್‌ಗೆ ಗಂಟೆಗೆ 6.67 ಬರುತ್ತದೆ, ಓಟಿ ದರ 8.33. ದಿನಾ ಎರಡು ಗಂಟೆ, ತಿಂಗಳಿಗೆ 26 ದಿನ ಅಂದರೆ 52 ಗಂಟೆ. ಸುಮಾರು 433 ದಿರ್ಹಮ್. ಬೇಸಿಕ್ 2,400 ಆಗಿದ್ದರೆ 650. ಒಂದು ದಿರ್ಹಮ್‌ಗೆ 23 ರೂಪಾಯಿ ಹಿಡಿದರೂ 433 ದಿರ್ಹಮ್ ಅಂದರೆ ತಿಂಗಳಿಗೆ ಹತ್ತು ಸಾವಿರ ರೂಪಾಯಿ ಆಯಿತು. ಅದನ್ನು ಅವರು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ನೀವೂ ತೆಗೆದುಕೊಂಡಿಲ್ಲ, ಅಲ್ವಾ?

ಇನ್ನೊಂದು ವಿಷಯ. ಓಟಿ ದಿನಕ್ಕೆ ಎರಡು ಗಂಟೆ ಮೀರಬಾರದು, ಮೂರು ವಾರದ ಒಟ್ಟು ಕೆಲಸ 144 ಗಂಟೆ ಮೀರಬಾರದು ಎಂದಿದೆ. ವಾರಕ್ಕೆ 60ರಂತೆ ಮೂರು ವಾರಕ್ಕೆ 180 ಗಂಟೆಯಾಗುತ್ತದೆ. ಹಾಗಾಗಿ ದಿನಕ್ಕೆ 10 ಗಂಟೆಯನ್ನು ಕಾಯಂ ಡ್ಯೂಟಿ ಅಂತ ಬರೆಯುವುದೇ ತಪ್ಪು. ಒಂದು ವೇಳೆ ಅದರಲ್ಲಿ ಮಧ್ಯಾಹ್ನದ ಬಿಡುವೂ ಸೇರಿರಬಹುದು. ಬಿಡುವು ಕೆಲಸದ ಗಂಟೆಗೆ ಸೇರುವುದಿಲ್ಲ. ಅದನ್ನು ಸ್ಪಷ್ಟವಾಗಿ ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ.

ಆ 800ರ ಇತರೆ ಭತ್ಯೆ ಏನು ಅಂತಲೂ ಕೇಳಿ. ಹಾಜರಿಗೆ, ಟಾರ್ಗೆಟ್‌ಗೆ ಅಥವಾ ಮ್ಯಾನೇಜರ್ ಮನಸ್ಸಿಗೆ ಗಂಟು ಹಾಕಿದ ಭತ್ಯೆಯಾದರೆ ಅದನ್ನು ಸಂಬಳ ಅಂತ ಎಣಿಸಬೇಡಿ. ನಿಮ್ಮ ಲೆಕ್ಕ ಆಗ 3,200ಕ್ಕೆ ಇಳಿಯುತ್ತದೆ.

ಇನ್ನು ಕಾಗದದ ಮಾತು. ಈಮೇಲ್‌ನಲ್ಲಿ ಬಂದಿರುವುದು ಕಂಪನಿಯ ಲೆಟರ್‌ಹೆಡ್‌ನ ಪತ್ರ. ಅದಕ್ಕೆ ಬೆಲೆ ಕಡಿಮೆ. ಯುಎಇಯಲ್ಲಿ ಕೆಲಸಕ್ಕೆ ಕರೆಯುವ ಕಂಪನಿ ಅಲ್ಲಿನ ಕಾರ್ಮಿಕ ಸಚಿವಾಲಯದ, ಅಂದರೆ ನಮ್ಮವರು ಮೊಹ್ರೆ ಅನ್ನುವ ಇಲಾಖೆಯ, ನಿಗದಿತ ನಮೂನೆಯಲ್ಲಿ ಆಫರ್ ಲೆಟರ್ ತಯಾರಿಸಿ ನಿಮ್ಮಿಂದ ಸಹಿ ಪಡೆಯಬೇಕು. ಅದರಲ್ಲಿ ಬಾರ್‌ಕೋಡ್ ಮತ್ತು ಅರ್ಜಿ ನಂಬರ್ ಇರುತ್ತದೆ. ಬೇಸಿಕ್, ಭತ್ಯೆಗಳು, ಹುದ್ದೆ, ರಜೆ, ನೋಟಿಸ್ ಅವಧಿ ಎಲ್ಲ ಬೇರೆ ಬೇರೆಯಾಗಿ ಬರೆದಿರುತ್ತದೆ. ಮುಂದೆ ಮಾಡುವ ಕಾಂಟ್ರಾಕ್ಟ್ ಈ ಆಫರ್‌ಗೆ ಹೊಂದಬೇಕು. ನಿಮಗೆ ಲಾಭವಾಗುವ ಬದಲಾವಣೆ ಮಾಡಬಹುದು, ಕಡಿಮೆ ಮಾಡುವ ಹಾಗಿಲ್ಲ. ಮುಂದೊಂದು ದಿನ ತಕರಾರು ಎದ್ದರೆ ಅಧಿಕಾರಿ ತೆರೆದು ನೋಡುವುದು ಇದನ್ನೇ. ವಾಟ್ಸ್ಆ್ಯಪ್‌ನಲ್ಲಿ ಏಜೆಂಟ್ ಕೊಟ್ಟ ಮಾತು ಅಲ್ಲಿ ನಿಲ್ಲುವುದು ಕಷ್ಟ.

ಈ ಪತ್ರ ಅರೇಬಿಕ್, ಇಂಗ್ಲಿಷ್ ಜೊತೆಗೆ ಹಿಂದಿ, ಮಲಯಾಳಂ, ತಮಿಳು, ಉರ್ದು ಮುಂತಾದ ಭಾಷೆಗಳಲ್ಲಿ ಸಿಗುತ್ತದೆ. ಕನ್ನಡದಲ್ಲಿ ಸಿಗುವುದಿಲ್ಲ. ಕರಾವಳಿಯಿಂದ ಇಷ್ಟು ಜನ ಅಲ್ಲಿ ದುಡಿಯುತ್ತಿದ್ದರೂ ಕನ್ನಡಕ್ಕೆ ಜಾಗ ಸಿಕ್ಕಿಲ್ಲ ಎನ್ನುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ನಿಮಗೆ ಇಂಗ್ಲಿಷ್ ಬರುತ್ತದೆ, ತೊಂದರೆಯಿಲ್ಲ. ಆದರೆ ಭಾಷಾಂತರಗಳ ನಡುವೆ ವ್ಯತ್ಯಾಸ ಬಂದರೆ ಅರೇಬಿಕ್‌ನಲ್ಲಿರುವುದೇ ಅಂತಿಮ. ಅದಕ್ಕೇ ಅಂಕಿಗಳನ್ನಾದರೂ ಎರಡೂ ಕಡೆ ತಾಳೆ ನೋಡಿ. ಕಂಪನಿ ಫ್ರೀ ಝೋನ್‌ನಲ್ಲಿ, ಅಂದರೆ ತನ್ನದೇ ಪ್ರಾಧಿಕಾರವಿರುವ ವ್ಯಾಪಾರ ವಲಯದಲ್ಲಿದ್ದರೆ ಕಾಂಟ್ರಾಕ್ಟ್ ಆ ಝೋನ್‌ನ ಪ್ರಾಧಿಕಾರದಿಂದ ಬರುತ್ತದೆ. ಕಂಪನಿ ಎಲ್ಲಿ ನೋಂದಣಿಯಾಗಿದೆ ಅಂತ ಕೇಳಿಟ್ಟುಕೊಳ್ಳಿ.

ವಿಸಿಟ್ ವೀಸಾಕ್ಕೆ ನನ್ನ ಉತ್ತರ ಒಂದೇ: ಬೇಡ. ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಹುಡುಕುವವರು ಬಹಳ ಜನ ಇದ್ದಾರೆ, ಅದು ಬೇರೆ. ನಿಮಗೆ ಕೆಲಸ ಕೊಟ್ಟಿದ್ದೇವೆ ಅನ್ನುವ ಕಂಪನಿಗೆ ಎಂಪ್ಲಾಯ್‌ಮೆಂಟ್ ಎಂಟ್ರಿ ಪರ್ಮಿಟ್ ಮಾಡಿಸಲು ಏನು ಅಡ್ಡಿ? ಪರ್ಮಿಟ್ ಇಲ್ಲದೆ ಕೆಲಸ ಮಾಡಿಸುವ ಕಂಪನಿಗೆ 2024ರ ತಿದ್ದುಪಡಿಯಲ್ಲಿ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್‌ವರೆಗೆ ದಂಡ ಇಟ್ಟಿದ್ದಾರೆ. ಸಿಕ್ಕಿಬಿದ್ದರೆ ನಿಮಗೂ ದಂಡ, ಗಡೀಪಾರಿನ ಭಯ ಇದೆ. ಅದಕ್ಕಿಂತ ದಿನನಿತ್ಯದ ಕಷ್ಟ ಇನ್ನೊಂದು. ವಿಸಿಟ್ ವೀಸಾದಲ್ಲಿ ಒಂದೆರಡು ತಿಂಗಳು ಟ್ರಯಲ್ ಅಂತ ದುಡಿಸಿಕೊಂಡು ಬೇಡ ಅಂದರೆ, ನೀವು ಆ ಕಂಪನಿಯಲ್ಲಿ ಇದ್ದಿರಿ ಅನ್ನುವುದಕ್ಕೇ ದಾಖಲೆ ಇರುವುದಿಲ್ಲ.

ಏಜೆಂಟ್ ಕೇಳುವ 1,20,000ಕ್ಕೆ ಬರೋಣ. ಇದಕ್ಕೆ ಎರಡು ಕಾನೂನು ಅಡ್ಡ ನಿಲ್ಲುತ್ತವೆ. ಒಂದು ಅಲ್ಲಿಯದು. 2022ರ ಫೆಬ್ರವರಿ 2ರಿಂದ ಜಾರಿಯಲ್ಲಿರುವ ಯುಎಇ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿ ಖರ್ಚು ಕಂಪನಿಯದು. ಅದನ್ನು ನೇರವಾಗಿಯೂ ಸುತ್ತಿಬಳಸಿಯೂ ನೌಕರನಿಂದ ವಸೂಲು ಮಾಡುವ ಹಾಗಿಲ್ಲ. ವೀಸಾ, ಮೆಡಿಕಲ್, ಎಮಿರೇಟ್ಸ್ ಐಡಿ ಎಲ್ಲ ಅವರ ಖರ್ಚು. ಇನ್ನೊಂದು ನಮ್ಮದು. 1983ರ ಎಮಿಗ್ರೇಷನ್ ಕಾಯ್ದೆಯಡಿ ವಿದೇಶಾಂಗ ಇಲಾಖೆಯಲ್ಲಿ ನೋಂದಾಯಿಸಿದ ಏಜೆಂಟ್ ಮಾತ್ರ ವಿದೇಶದ ಕೆಲಸಕ್ಕೆ ಜನರನ್ನು ಕಳುಹಿಸಬಹುದು. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದಕ್ಕೆ ಶೇ. 18 ಜಿಎಸ್‌ಟಿ. ಒಟ್ಟು 35,400. ಅದಕ್ಕೂ ರಸೀದಿ ಕೊಡಬೇಕು. 1,20,000ಕ್ಕೆ ರಸೀದಿ ಕೊಡ್ತೀರಾ ಅಂತ ಕೇಳಿ ನೋಡಿ. ಉತ್ತರದಲ್ಲೇ ಬಹಳಷ್ಟು ತಿಳಿಯುತ್ತದೆ.

ಏಜೆಂಟ್‌ಗೆ ಲೈಸೆನ್ಸ್ ಇದೆಯಾ ಅಂತ ಭಾರತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹೆಸರು ಹಾಕಿ ನೋಡಬಹುದು. ಮುಂಬೈಯ ದೊಡ್ಡ ಆಫೀಸಿನ ಸಬ್ ಏಜೆಂಟ್ ನಾನು ಅಂತ ಹೇಳಿದರೆ ಒಪ್ಪಬೇಡಿ. ಸಬ್ ಏಜೆಂಟ್‌ಗಳಿಗೆ ಕಾನೂನಿನಲ್ಲಿ ಜಾಗವಿಲ್ಲ. ಇಲ್ಲಿ ನಿಮ್ಮಂಥ ಓದಿದವರ ಬಗ್ಗೆ ನನಗೆ ವಿಶೇಷವಾದ ಚಿಂತೆ ಇದೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ಗೆ ಇಸಿಆರ್, ಅಂದರೆ ಎಮಿಗ್ರೇಷನ್ ಚೆಕ್ ಬೇಕು ಎನ್ನುವ ಗುರುತು ಬೀಳುತ್ತದೆ. ಅವರು ಗಲ್ಫ್‌ಗೆ ಹೋಗುವ ಮೊದಲು ಸರ್ಕಾರದ ಕ್ಲಿಯರೆನ್ಸ್ ಬೇಕು, ಅಂದರೆ ಯಾರೋ ಒಬ್ಬ ಅಧಿಕಾರಿಯ ಮುಂದೆ ಅವರ ಕಾಂಟ್ರಾಕ್ಟ್ ಹಾದುಹೋಗುತ್ತದೆ. ಬಿ.ಕಾಂ ಓದಿದ ನಿಮಗೆ ಆ ಕ್ಲಿಯರೆನ್ಸ್ ಬೇಡ. ನಿಮ್ಮ ಕಾಗದವನ್ನು ನೀವಲ್ಲದೆ ಇನ್ಯಾರೂ ನೋಡುವುದಿಲ್ಲ.

ಏಜೆಂಟ್ ಬಗ್ಗೆ ಅನುಮಾನ ಬಂದರೆ ನಮ್ಮ ರಾಜ್ಯದ ಕೌಶಲ್ಯಾಭಿವೃದ್ಧಿ ಇಲಾಖೆಯ ಅಡಿಯಲ್ಲಿ ಇಂಟರ್‌ನ್ಯಾಷನಲ್ ಮೈಗ್ರೇಷನ್ ಸೆಂಟರ್ ಕರ್ನಾಟಕ ಅಂತ ಇದೆ, ಅಲ್ಲಿ ವಿಚಾರಿಸಿ. ವಿದೇಶಾಂಗ ಇಲಾಖೆಯ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಸಹಾಯವಾಣಿ 1800113090. ದುಬೈಗೆ ಹೋದ ಮೇಲೆ ಅಲ್ಲಿನ ನಂಬರ್ 80046342. ಫೋನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.

ನಡುವೆ ಬಿಟ್ಟರೆ 8,000 ದಿರ್ಹಮ್ ಎನ್ನುವ ಷರತ್ತು. ಇದು ನೇಮಕಾತಿ ಖರ್ಚನ್ನು ಬೇರೆ ಹೆಸರಲ್ಲಿ ನಿಮ್ಮಿಂದ ವಸೂಲು ಮಾಡುವ ದಾರಿಯಾಗಿದ್ದರೆ, ನಾನು ಮೇಲೆ ಹೇಳಿದ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಕಾನೂನು ಹೇಳುವುದು ಇಷ್ಟು. ಪ್ರೊಬೇಷನ್ ಆರು ತಿಂಗಳು ಮೀರಬಾರದು. ಆ ಅವಧಿಯಲ್ಲಿ ಬಿಟ್ಟು ಊರಿಗೆ ಬರುವುದಾದರೆ 14 ದಿನದ ನೋಟಿಸ್ ಕೊಡಬೇಕು. ಯುಎಇಯಲ್ಲೇ ಬೇರೆ ಕಂಪನಿಗೆ ಹೋಗುವುದಾದರೆ ಒಂದು ತಿಂಗಳು. ಆಗ ಹಳೆ ಕಂಪನಿಯ ನೇಮಕಾತಿ ಖರ್ಚನ್ನು ತುಂಬಿಕೊಡಬೇಕಾದವರು ಹೊಸ ಕಂಪನಿಯವರು, ನೀವಲ್ಲ. ಪ್ರೊಬೇಷನ್ ಮುಗಿದ ಮೇಲೆ ಕಾಂಟ್ರಾಕ್ಟಿನಲ್ಲಿ ಬರೆದಂತೆ 30ರಿಂದ 90 ದಿನದೊಳಗಿನ ನೋಟಿಸ್. ನೋಟಿಸ್ ಕೊಡದೆ ಬಿಟ್ಟರೆ ಮಾತ್ರ ಆ ದಿನಗಳ ಸಂಬಳ ಕಟ್ಟಬೇಕಾಗುತ್ತದೆ. ನಿಮ್ಮ ಕಾಗದದಲ್ಲಿ ನೋಟಿಸ್ ಅವಧಿಯೇ ಇಲ್ಲ. 30 ದಿನ ಅಂತ ಹಾಕಿಸಿಕೊಳ್ಳಿ. 90 ದಿನ ಹಾಕಿದರೆ ಒಳ್ಳೆ ಕೆಲಸ ಸಿಕ್ಕಾಗ ಹೊಸ ಕಂಪನಿ ಅಷ್ಟು ದಿನ ಕಾಯುವುದಿಲ್ಲ.

ಆದರೂ ಆ ಷರತ್ತು ನಿಲ್ಲುವುದಿಲ್ಲ ಬಿಡಿ ಅಂತ ಸಹಿ ಹಾಕಬೇಡಿ. ತೆಗೆಸಿಯೇ ಸಹಿ ಹಾಕಿ. ಅದರ ಜೊತೆ ಖಾಲಿ ಕಾಗದಕ್ಕೋ, ಖಾಲಿ ಚೆಕ್‌ಗೋ ಸಹಿ ಕೇಳಿದರೆ ಖಂಡಿತ ಕೊಡಬೇಡಿ. ಪಾಸ್‌ಪೋರ್ಟ್ ಕೂಡ ಅಷ್ಟೇ. ವೀಸಾ ಕೆಲಸಕ್ಕೆ ಬೇಕಾದರೆ ಕೊಟ್ಟು, ಕೆಲಸ ಮುಗಿದ ಕೂಡಲೇ ವಾಪಸ್ ಪಡೆಯಿರಿ. ನೌಕರನ ದಾಖಲೆಗಳನ್ನು ಕಂಪನಿ ಇಟ್ಟುಕೊಳ್ಳುವ ಹಾಗಿಲ್ಲ.

ನಿಮ್ಮ ಭಾವ ಹೇಳಿದ್ದು ಅವರಿರುವ ದೇಶಕ್ಕೆ ಸರಿ. ಸೌದಿಯಲ್ಲಿ ಎರಡು ವರ್ಷದೊಳಗೆ ರಾಜೀನಾಮೆ ಕೊಟ್ಟರೆ ಗ್ರಾಚ್ಯುಟಿ ಇಲ್ಲ. ಎರಡರಿಂದ ಐದು ವರ್ಷದೊಳಗೆ ಬಿಟ್ಟರೆ ಮೂರನೇ ಒಂದು ಪಾಲು. ಯುಎಇಯಲ್ಲೂ ಹಳೆಯ ಕಾನೂನಿನಲ್ಲಿ ರಾಜೀನಾಮೆಗೆ ಕಡಿತ ಇತ್ತು. 2022ರ ನಂತರ ಅದು ಹೋಯಿತು. ಈಗ ಒಂದು ವರ್ಷ ಪೂರ್ತಿ ಮಾಡಿದರೆ, ನೀವೇ ಬಿಟ್ಟರೂ, ಲೆಕ್ಕದಂತೆ ಸಿಗಬೇಕು. ಗಲ್ಫ್ ಅಂತ ಒಂದೇ ಹೆಸರಲ್ಲಿ ಕರೆದರೂ ಆರು ದೇಶಕ್ಕೆ ಆರು ಕಾನೂನು. ಕತಾರ್‌ನಲ್ಲಿ 2021ರಿಂದ ಎಲ್ಲರಿಗೂ 1,000 ರಿಯಾಲ್ ಕನಿಷ್ಠ ಬೇಸಿಕ್ ಇದೆ, ಕಂಪನಿ ವಸತಿ, ಊಟ ಕೊಡದಿದ್ದರೆ ಅದಕ್ಕೆ ಬೇರೆ 500 ಮತ್ತು 300. ಯುಎಇಯಲ್ಲಿ ನಮ್ಮಂಥ ಹೊರಗಿನವರಿಗೆ ಕನಿಷ್ಠ ವೇತನವೇ ಇಲ್ಲ, 4,000ದಲ್ಲಿ ಬೇಸಿಕ್ ಇಷ್ಟಿರಬೇಕು ಅಂತಲೂ ಇಲ್ಲ. ಅದಕ್ಕೇ ಅಲ್ಲಿ ಮಾತಾಡಿ ಪಡೆಯಬೇಕು.

ಹೆಂಡತಿಯನ್ನು ಕರೆದೊಯ್ಯುವ ವಿಚಾರ. ಫ್ಯಾಮಿಲಿ ವೀಸಾಕ್ಕೆ ತಿಂಗಳಿಗೆ 4,000 ದಿರ್ಹಮ್ ಸಂಬಳ, ಅಥವಾ 3,000 ಮತ್ತು ಕಂಪನಿ ಕೊಟ್ಟ ವಸತಿ ಇರಬೇಕು. ನೀವು ಸರಿಯಾಗಿ ಗೆರೆಯ ಮೇಲೆ ನಿಂತಿದ್ದೀರಿ. ಕೆಲವು ಕಂಪನಿಗಳು ಬಾಯಲ್ಲಿ 4,000 ಅಂದು ಮೊಹ್ರೆ ಕಾಗದದಲ್ಲಿ 2,500 ತೋರಿಸಿ ಉಳಿದದ್ದನ್ನು ಕೈಯಲ್ಲಿ ಕೊಡುತ್ತವೆ. ಹಾಗಾದರೆ ನಿಮ್ಮ ಫ್ಯಾಮಿಲಿ ವೀಸಾ ಅರ್ಜಿ ಮುಂದೆ ಹೋಗುವುದಿಲ್ಲ. ಕೈಯಲ್ಲಿ ಕೊಡುವ ಹಣ ನಿಂತರೆ ಕೇಳಲೂ ದಾರಿಯಿಲ್ಲ. ಪೂರ್ತಿ ಸಂಬಳ ಕಾಂಟ್ರಾಕ್ಟಿನಲ್ಲಿರಬೇಕು, ವೇಜ್ ಪ್ರೊಟೆಕ್ಷನ್ ಸಿಸ್ಟಮ್ ಮೂಲಕ, ಅಂದರೆ ಡಬ್ಲ್ಯುಪಿಎಸ್‌ನಲ್ಲಿ, ನಿಮ್ಮ ಖಾತೆಗೇ ಬೀಳಬೇಕು. ವೀಸಾ ಸಿಕ್ಕರೂ 4,000ದಲ್ಲಿ ಇಬ್ಬರ ಸಂಸಾರ ಬಹಳ ಬಿಗಿ. ಮನೆ ಬಾಡಿಗೆಯೇ ಅರ್ಧಕ್ಕಿಂತ ಜಾಸ್ತಿ ತಿನ್ನುತ್ತದೆ. ಹೆಂಡತಿಯ ಹೆಲ್ತ್ ಇನ್ಶೂರೆನ್ಸ್ ನೀವೇ ಕಟ್ಟಬೇಕು. ನಿಮ್ಮದನ್ನು ಮಾತ್ರ ಕಂಪನಿ ಕಟ್ಟಬೇಕು, ಅದನ್ನು ಸಂಬಳದಿಂದ ಮುರಿದುಕೊಳ್ಳುವ ಹಾಗಿಲ್ಲ. ಮೊದಲ ವರ್ಷ ಒಬ್ಬರೇ ಇದ್ದು, ಇನ್ನೂ ಒಳ್ಳೆ ಸಂಬಳಕ್ಕೆ ಹೋದ ಮೇಲೆ ಕರೆಸಿಕೊಳ್ಳುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಒಬ್ಬರೇ ಇದ್ದರೆ ಎಷ್ಟು ಉಳಿಯುತ್ತದೆ? ದೇರಾದಲ್ಲೋ ಬರ್ ದುಬೈನಲ್ಲೋ ಬೆಡ್‌ಸ್ಪೇಸ್‌ಗೆ, ಅಂದರೆ ಹಂಚಿಕೊಂಡ ರೂಮಿನಲ್ಲಿ ಒಂದು ಮಂಚಕ್ಕೆ, ಸುಮಾರು 1,000. ಮೆಟ್ರೋ, ಬಸ್ ಎಲ್ಲ ಝೋನ್‌ಗೂ ಓಡಾಡುವ ತಿಂಗಳ ಪಾಸ್ 350. ಊಟ, ಫೋನು, ಬಟ್ಟೆಬರೆ ಸೇರಿ 900 ಅಂತ ಹಿಡಿಯಿರಿ. 1,700ರ ಹತ್ತಿರ ಉಳಿಯಬಹುದು, ರೂಪಾಯಿಯಲ್ಲಿ 39,000 ಚಿಲ್ಲರೆ. ಈಗ ಬೆಂಗಳೂರಲ್ಲಿ ಬಾಡಿಗೆ, ಊಟ ಕಳೆದು ಎಷ್ಟು ಉಳಿಸುತ್ತೀರಿ ಎನ್ನುವುದರ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಒಟ್ಟು ಸಂಬಳವನ್ನು 23ರಿಂದ ಗುಣಿಸಿ 92,000 ಅಂತ ಮನೆಯಲ್ಲಿ ಹೇಳಬೇಡಿ. ಏಜೆಂಟ್ ಕೇಳಿದ 1,20,000 ಕೊಟ್ಟರೆ ಮೊದಲ ಮೂರು ತಿಂಗಳ ಉಳಿತಾಯ ಅಲ್ಲಿಗೇ ಮುಗಿಯಿತು, ಬಳೆಯ ಬಡ್ಡಿ ಬೇರೆ.

ರಜೆ ವರ್ಷಕ್ಕೆ 30 ದಿನ, ಅದು ಕಾನೂನಿನಲ್ಲೇ ಇದೆ. ವರ್ಷಕ್ಕೊಮ್ಮೆ ಊರಿಗೆ ಬರುವ ಟಿಕೆಟ್ ಕಾನೂನಿನಲ್ಲಿ ಇಲ್ಲ. ಕೆಲಸ ಮುಗಿಸಿ ವಾಪಸ್ ಬರುವಾಗಿನ ಟಿಕೆಟ್ ಮಾತ್ರ ಕಂಪನಿಯ ಜವಾಬ್ದಾರಿ, ಅದೂ ನೀವು ಅಲ್ಲೇ ಬೇರೆ ಕೆಲಸಕ್ಕೆ ಸೇರದಿದ್ದರೆ, ನಿಮ್ಮ ತಪ್ಪಿನಿಂದ ಕೆಲಸ ಹೋಗಿರದಿದ್ದರೆ. ವರ್ಷದ ಟಿಕೆಟ್ ಬೇಕಿದ್ದರೆ ಬರೆಸಿಕೊಳ್ಳಿ. ಕಂಪನಿ ಪಾಲಿಸಿಯಂತೆ ಎನ್ನುವ ಮಾತಿಗೆ ಬದಲು ವರ್ಷಕ್ಕೊಂದು, ದುಬೈನಿಂದ ಮಂಗಳೂರಿಗೆ, ಹೋಗಿ ಬರುವ ಟಿಕೆಟ್ ಅಂತ ಇರಲಿ.

ಈಗ ಏನು ಮಾಡಬೇಕು ಹೇಳುತ್ತೇನೆ. ಏಜೆಂಟ್‌ಗಲ್ಲ, ಕಂಪನಿಯ ಎಚ್‌ಆರ್‌ಗೆ ನೇರವಾಗಿ ಮೇಲ್ ಬರೆಯಿರಿ. ಸಿಟ್ಟಿಲ್ಲದೆ, ಗೌರವದಿಂದ. ಆಫರ್‌ಗೆ ಥ್ಯಾಂಕ್ಸ್ ಹೇಳಿ. ಒಟ್ಟು 4,000 ಹಾಗೇ ಇರಲಿ, ಅದರಲ್ಲಿ ಬೇಸಿಕ್ 2,400 ಮಾಡಿಕೊಡಿ ಅಂತ ಕೇಳಿ. ತಿಂಗಳ ಸಂಬಳ ಏರುವುದಿಲ್ಲವಾದ್ದರಿಂದ ಎಷ್ಟೋ ಕಂಪನಿಗಳು ಇದಕ್ಕೆ ಒಪ್ಪುತ್ತವೆ, 2,000ಕ್ಕಾದರೂ ಬರುತ್ತವೆ. 10 ಗಂಟೆಯಲ್ಲಿ ಬಿಡುವು ಎಷ್ಟು, ಓಟಿ ಹೇಗೆ ಕೊಡುತ್ತೀರಿ ಅಂತ ಕೇಳಿ. 8,000ದ ಷರತ್ತು ತೆಗೆದು 30 ದಿನದ ನೋಟಿಸ್ ಹಾಕಲು ಹೇಳಿ. ಕೊನೆಗೆ, ಮೊಹ್ರೆ ಆಫರ್ ಲೆಟರ್ ಮತ್ತು ಎಂಪ್ಲಾಯ್‌ಮೆಂಟ್ ಎಂಟ್ರಿ ಪರ್ಮಿಟ್ ಕೈಗೆ ಬಂದ ಮೇಲೆ ಇಲ್ಲಿ ರಾಜೀನಾಮೆ ಕೊಡುತ್ತೇನೆ ಅಂತ ಬರೆಯಿರಿ. ಏಜೆಂಟ್ 1,20,000 ಕೇಳಿದ್ದನ್ನೂ ಒಂದು ಸಾಲಿನಲ್ಲಿ ತಿಳಿಸಿ. ಕಂಪನಿಗೆ ಅದು ಗೊತ್ತೇ ಇಲ್ಲದಿರುವುದೂ ಉಂಟು.

ಬೇಸಿಕ್ ಮತ್ತು ಟಿಕೆಟ್ ವಿಷಯದಲ್ಲಿ ನೀವು ಸ್ವಲ್ಪ ಸೋತರೂ ಪರವಾಗಿಲ್ಲ, ದುಬೈ ಅನುಭವಕ್ಕೆ ಅದರದೇ ಬೆಲೆ ಇದೆ. ಆದರೆ ಮೊಹ್ರೆ ಪತ್ರ ಕೊಡುವುದಿಲ್ಲ, ವಿಸಿಟ್ ವೀಸಾದಲ್ಲೇ ಬನ್ನಿ, ಹಣ ಮೊದಲು ಕಟ್ಟಿ ಅಂದರೆ ಅಲ್ಲಿಗೆ ಬಿಟ್ಟುಬಿಡಿ.

ಆಫರ್ ಲೆಟರ್ ಬಂದ ಮೇಲೆ ನನಗೊಂದು ಪ್ರತಿ ಕಳುಹಿಸಿ. ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನಾಂಕ ಅಳಿಸಿ ಕಳುಹಿಸಿ. ಸಹಿ ಹಾಕುವ ಮೊದಲು ಒಂದೊಂದು ಸಾಲೂ ಕೂತು ನೋಡೋಣ.